ಸಂಪರ್ಕ ರೈತನಿಂದ ರೈತ ಅನುವುಗಾರನವರೆಗೆ: ಕರ್ನಾಟಕದಲ್ಲಿ ಮಣ್ಣಿನ ಶಿಕ್ಷಣದ ಚರಿತ್ರೆ

ಪೀಠಿಕೆ

ಕರ್ನಾಟಕದ ಕೃಷಿ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಪಾಲು ನೀರಾವರಿ, ಭೂಕಂದಾಯ, ಗೇಣಿ ಪದ್ಧತಿ ಮತ್ತು ಭೂಸುಧಾರಣೆಗಳ ಸುತ್ತ ಬೆಳೆದು ಬಂದಿವೆ. ಕೆರೆ ಕಟ್ಟಿಸಿದವರ ಹೆಸರುಗಳನ್ನು ಶಾಸನಗಳು ಉಳಿಸಿವೆ. ಕಂದಾಯ ತೆತ್ತವರ ಲೆಕ್ಕವನ್ನು ಕಡತಗಳು ಉಳಿಸಿವೆ. ಹೊಲದ ಮಣ್ಣು ಕೊಚ್ಚಿಹೋಗದಂತೆ, ಅದರ ಸತ್ವ ಕುಂದದಂತೆ ನೋಡಿಕೊಳ್ಳುವ ತಿಳಿವಳಿಕೆ ಯಾರಿಂದ ಯಾರಿಗೆ, ಯಾವ ದಾರಿಯಲ್ಲಿ ಸಾಗಿತೆಂಬ ಪ್ರಶ್ನೆಗೆ ಅಷ್ಟು ನೇರವಾದ ದಾಖಲೆಗಳಿಲ್ಲ. ಈ ತಿಳಿವಳಿಕೆಯ ಹೆಚ್ಚಿನ ಭಾಗ ಮಾತಿನಲ್ಲಿ ಮತ್ತು ಕೈಕೆಲಸದಲ್ಲಿ, ಒಂದು ಹೊಲದ ಬದುವಿನಿಂದ ಇನ್ನೊಂದು ಹೊಲದ ಬದುವಿಗೆ ದಾಟಿರುವುದೇ ಇದಕ್ಕೆ ಕಾರಣ.

ರೈತನನ್ನೇ ನೆರೆಯ ರೈತರಿಗೆ ಮಣ್ಣಿನ ಆರೈಕೆಯ ಗುರುವನ್ನಾಗಿ ಮಾಡುವ ಪ್ರಯತ್ನಗಳು ಕಳೆದ ಅರ್ಧ ಶತಮಾನದಲ್ಲಿ ಈ ರಾಜ್ಯದಲ್ಲಿ ಮುಖ್ಯವಾಗಿ ಮೂರು ರೂಪಗಳಲ್ಲಿ ನಡೆದಿವೆ. ಮೊದಲನೆಯದು ತರಬೇತಿ ಮತ್ತು ಭೇಟಿ ಪದ್ಧತಿಯ ‘ಸಂಪರ್ಕ ರೈತ’. ಎರಡನೆಯದು ಭೂಚೇತನ ಯೋಜನೆಯ ‘ರೈತ ಅನುವುಗಾರ’. ಮೂರನೆಯದು ಸರ್ಕಾರದ ಹೊರಗೆ, ಸಾವಯವ ಹಾಗೂ ನೈಸರ್ಗಿಕ ಕೃಷಿ ಚಳವಳಿಗಳಲ್ಲಿ ಬೆಳೆದ ಸ್ವಯಂಸೇವಕ ರೈತ. ಈ ಮೂರರ ಹಿನ್ನೆಲೆ, ನಡೆದ ಬಗೆ ಮತ್ತು ಫಲಾಫಲಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನೆರೆಯವನ ಮಾತಿಗೆ ಬೆಲೆ ಬರುವುದು ಅವನ ಹೊಲದಲ್ಲಿ ಕಾಣುವ ಸಾಕ್ಷ್ಯದಿಂದ. ಆ ಸಾಕ್ಷ್ಯವನ್ನು ಬದಿಗಿಟ್ಟು ಅವನನ್ನು ಕೇವಲ ಸಂದೇಶವಾಹಕನನ್ನಾಗಿ ಮಾಡಿದಾಗಲೆಲ್ಲ ಪ್ರಯತ್ನ ಸೊರಗಿದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಪರಂಪರೆಯ ತಿಳಿವಳಿಕೆ

ಕನ್ನಡದಲ್ಲಿ ಕೃಷಿ ಸಂಬಂಧಿ ಜ್ಞಾನವನ್ನು ಬರಹಕ್ಕಿಳಿಸಿದ ಪ್ರಯತ್ನ ಬಹಳ ಹಳೆಯದು. ಕ್ರಿ.ಶ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲದ ಶೋಧ, ವೃಕ್ಷಾಯುರ್ವೇದ ಮೊದಲಾದ ವಿಷಯಗಳಿವೆ. ಆದರೆ ಒಕ್ಕಲಿನ ನಿತ್ಯದ ಅರಿವು ಗ್ರಂಥಗಳನ್ನು ಅವಲಂಬಿಸಿರಲಿಲ್ಲ. ಎರೆ, ಮಸಾರಿ, ಕೆಮ್ಮಣ್ಣು, ಜೇಡಿ, ಮರಳು, ಸವುಳು ಎಂಬ ಹೆಸರುಗಳೇ ಮಣ್ಣಿನ ಗುಣವನ್ನು, ಅದು ನೀರು ಹಿಡಿಯುವ ಬಗೆಯನ್ನು, ಅದಕ್ಕೆ ಒಗ್ಗುವ ಬೆಳೆಯನ್ನು ಸೂಚಿಸುತ್ತಿದ್ದವು. ಬೇಸಗೆಯಲ್ಲಿ ಕೆರೆಯ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು, ಕುರಿ ಮಂದೆಯನ್ನು ಹೊಲದಲ್ಲಿ ರಾತ್ರಿ ತಂಗಿಸಿ ಅದಕ್ಕೆ ಪ್ರತಿಯಾಗಿ ಕುರುಬರಿಗೆ ಕಾಳು ಅಥವಾ ಹಣ ಕೊಡುವುದು, ಗದ್ದೆಗೆ ಹೊಂಗೆ ಸೊಪ್ಪು ತುಳಿಯುವುದು, ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವುದು ಇವೆಲ್ಲ ಮಣ್ಣಿನ ಸತ್ವವನ್ನು ಮರಳಿ ತುಂಬುವ ಪದ್ಧತಿಗಳಾಗಿದ್ದವು.

ಇವುಗಳ ಜೊತೆಗೆ ‘ಮುಯ್ಯಿ’ ಎಂಬ ಸಾಮಾಜಿಕ ಕಟ್ಟಳೆಯನ್ನೂ ಗಮನಿಸಬೇಕು. ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುವ ಮುಯ್ಯಾಳು ಪದ್ಧತಿಯು ಕಲಿಕೆಯ ವ್ಯವಸ್ಥೆಯೂ ಆಗಿತ್ತು. ನೆರೆಯವನ ಹೊಲದಲ್ಲಿ ದಿನವಿಡೀ ಕೆಲಸ ಮಾಡಿದವನಿಗೆ ಅಲ್ಲಿನ ಮಣ್ಣು, ಬೀಜ, ಗೊಬ್ಬರಗಳ ವಿಚಾರ ಹೇಳದೆಯೇ ತಿಳಿಯುತ್ತಿತ್ತು. ಆದರೂ ಈ ಪರಂಪರೆಗೆ ಮಿತಿಗಳಿದ್ದವು. ಜಾತಿ ಮತ್ತು ಹಿಡುವಳಿಯ ಗೆರೆಗಳನ್ನು ಮುಯ್ಯಿ ಸುಲಭವಾಗಿ ದಾಟುತ್ತಿರಲಿಲ್ಲ. ಬೆಳೆ ಸೊರಗಿದ್ದನ್ನು ರೈತನ ಕಣ್ಣು ಗುರುತಿಸುತ್ತಿತ್ತು. ಸೊರಗಲು ಮಣ್ಣಿನಲ್ಲಿ ಸತು ಕಡಿಮೆಯೋ ಗಂಧಕ ಕಡಿಮೆಯೋ ಎಂಬುದನ್ನು ಬರಿಗಣ್ಣಿನಿಂದ ಖಚಿತವಾಗಿ ಹೇಳಲು ಸಾಧ್ಯವಿರಲಿಲ್ಲ. ಪ್ರಯೋಗಶಾಲೆಯ ಅಗತ್ಯ ಇರುವುದು ಇಲ್ಲಿಯೇ.

ಇಲಾಖೆಯ ಉದಯ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿಯ ಆರಂಭವನ್ನು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಗುರುತಿಸಬಹುದು. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಹೆಬ್ಬಾಳದಲ್ಲಿ ಪ್ರಾಯೋಗಿಕ ಕೃಷಿ ಕ್ಷೇತ್ರಕ್ಕಾಗಿ 30 ಎಕರೆ ಭೂಮಿಯನ್ನು ನೀಡಿದರು. ಅದೇ ಕಾಲದಲ್ಲಿ ಕೃಷಿ ರಸಾಯನಶಾಸ್ತ್ರಜ್ಞರಾಗಿ ನೇಮಕಗೊಂಡ ಅಡಾಲ್ಫ್ ಲೆಹ್ಮನ್ ಅವರು ಸಂಸ್ಥಾನದಲ್ಲಿ ಮಣ್ಣಿನ ರಾಸಾಯನಿಕ ಪರೀಕ್ಷೆಗೆ ಬುನಾದಿ ಹಾಕಿದರು. 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ನೇತೃತ್ವದಲ್ಲಿ 1913ರಲ್ಲಿ ಕೃಷಿ ಇಲಾಖೆ ವ್ಯವಸ್ಥಿತ ರೂಪ ತಾಳಿತು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆಯೂ ಪ್ರಾರಂಭವಾಯಿತು.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರದ ಕಡೆ ಸಮಸ್ಯೆಯ ಸ್ವರೂಪವೇ ಬೇರೆಯಾಗಿತ್ತು. ಅಲ್ಲಿ ಬರ ಮತ್ತು ಮಣ್ಣಿನ ಸವಕಳಿ ಒಂದರ ಬೆನ್ನಿಗೆ ಒಂದು ಬರುತ್ತಿದ್ದವು. 1930ರ ದಶಕದಲ್ಲಿ ವಿಜಾಪುರ, ರಾಯಚೂರು ಮತ್ತು ಬಳ್ಳಾರಿ ಸಮೀಪದ ಹಗರಿಯಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳು ಕೆಲಸ ಆರಂಭಿಸಿದವು. ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಸಾಗುವ ಸಮಪಾತಳಿ ಬದುಗಳ ನಿರ್ಮಾಣ ಬರಪರಿಹಾರದ ಕಾಮಗಾರಿಯಾಗಿಯೂ ನಡೆಯಿತು. ಸ್ವಾತಂತ್ರ್ಯಾನಂತರ, 1954ರಲ್ಲಿ, ಬಳ್ಳಾರಿಯಲ್ಲಿ ಕೇಂದ್ರ ಸರ್ಕಾರದ ಮಣ್ಣು ಸಂರಕ್ಷಣಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು.

ಈ ಸಂಸ್ಥೆಗಳ ವೈಜ್ಞಾನಿಕ ಸಾಧನೆ ಗಣನೀಯವಾದುದು. ಬೋಧನೆಯ ವಿಚಾರದಲ್ಲಿ ಮಾತ್ರ ಅವು ಒಂದೇ ದಿಕ್ಕಿನ ಹಾದಿಯನ್ನು ಹಿಡಿದವು: ಬಲ್ಲವರು ಹೇಳುವುದು, ರೈತರು ಕೇಳುವುದು. ಇದರ ಪರಿಣಾಮವನ್ನು ಬದುಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಸಮಪಾತಳಿ ಬದು ನೆಲದ ಮಟ್ಟವನ್ನು ಅನುಸರಿಸುತ್ತದೆಯೇ ಹೊರತು ಹೊಲದ ಗಡಿಯನ್ನಲ್ಲ. ಚಿಕ್ಕ ಹಿಡುವಳಿಯ ನಡುವೆ ಅದು ಓರೆಯಾಗಿ ಹಾಯ್ದಾಗ ನೇಗಿಲು, ಕೂರಿಗೆ ಹೊಡೆಯಲು ತೊಡಕಾಗುತ್ತಿತ್ತು. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲದಲ್ಲಿ ಸೇರಿ ಜಗಳಕ್ಕೆ ಕಾರಣವಾಗುತ್ತಿತ್ತು. ದೇಶದ ಅರೆಶುಷ್ಕ ಪ್ರದೇಶಗಳ ರೈತರು ಹೊಲದ ಗಡಿಯಲ್ಲಿನ ಬದುಗಳನ್ನೇ ಮೆಚ್ಚುತ್ತಾರೆ, ಅದಕ್ಕೆ ಸಕಾರಣವೂ ಇದೆ ಎಂಬುದನ್ನು ಜಾನ್ ಕೆರ್ ಮತ್ತು ಎನ್. ಕೆ. ಸಾಂಘಿ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ರೈತರು ಬದುಗಳನ್ನು ಒಡೆದರೆ ಅದನ್ನು ಅಜ್ಞಾನವೆಂದು ಬಗೆದ ಅಧಿಕಾರಿವರ್ಗಕ್ಕೆ, ಆ ಒಡೆತದಲ್ಲಿಯೂ ಒಂದು ಲೆಕ್ಕಾಚಾರವಿದೆಯೆಂಬುದು ಬಹುಕಾಲ ಹೊಳೆಯಲಿಲ್ಲ.

ಗ್ರಾಮಸೇವಕ ಮತ್ತು ಸಂಪರ್ಕ ರೈತ

1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು ಗ್ರಾಮಸೇವಕನನ್ನು ಹಳ್ಳಿಗೆ ಕಳುಹಿಸಿತು. ಕೃಷಿ, ಆರೋಗ್ಯ, ನೈರ್ಮಲ್ಯ, ರಸ್ತೆ, ಶಾಲೆ ಎಲ್ಲವೂ ಅವನ ಹೊಣೆಯಾಗಿದ್ದುದರಿಂದ ಮಣ್ಣಿಗೆ ಸಿಕ್ಕ ಪಾಲು ಅಲ್ಪ. ಈ ಕೊರತೆಯನ್ನು ನೀಗಲು ಬಂದದ್ದೇ ಇಸ್ರೇಲಿನ ತಜ್ಞ ಡೇನಿಯಲ್ ಬೆನೋರ್ ರೂಪಿಸಿದ, ವಿಶ್ವಬ್ಯಾಂಕ್ ಬೆಂಬಲಿಸಿದ ತರಬೇತಿ ಮತ್ತು ಭೇಟಿ ಪದ್ಧತಿ. ಭಾರತದಲ್ಲಿ ಅದು 1974ರಲ್ಲಿ ರಾಜಸ್ಥಾನದ ಚಂಬಲ್ ಅಚ್ಚುಕಟ್ಟಿನಲ್ಲಿ ಮೊದಲು ಜಾರಿಗೆ ಬಂದಿತು. 1970ರ ದಶಕದ ಕೊನೆ ಹಾಗೂ 1980ರ ದಶಕದ ಆರಂಭದ ವೇಳೆಗೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ಅಳವಡಿಸಿಕೊಂಡವು.

ಈ ಪದ್ಧತಿಯ ಕಟ್ಟು ಗಡಿಯಾರದಂತೆ ನಿಖರವಾಗಿತ್ತು. ಹಳ್ಳಿಯ ಮಟ್ಟದ ಕೃಷಿ ಸಹಾಯಕನ ವ್ಯಾಪ್ತಿಯ ರೈತರನ್ನು ಎಂಟು ಗುಂಪುಗಳಾಗಿ ವಿಂಗಡಿಸಲಾಗುತ್ತಿತ್ತು. ಪ್ರತಿ ಗುಂಪಿನ ಸುಮಾರು ಶೇ. 10ರಷ್ಟು ಮಂದಿಯನ್ನು ಸಂಪರ್ಕ ರೈತರೆಂದು ಆರಿಸಲಾಗುತ್ತಿತ್ತು. ಸಹಾಯಕನು ಹದಿನೈದು ದಿನಗಳಿಗೊಮ್ಮೆ ಗೊತ್ತಾದ ದಿನ ಬಂದು ಆ ಪಕ್ಷದ ಸಂದೇಶವನ್ನು ಅವರಿಗೆ ತಿಳಿಸಬೇಕು. ಅವರು ಉಳಿದವರಿಗೆ ಮುಟ್ಟಿಸಬೇಕು. ರೈತನಿಂದ ರೈತನಿಗೆ ಜ್ಞಾನ ಹರಿಯಬೇಕೆಂಬ ತತ್ವವನ್ನು ಸರ್ಕಾರಿ ವ್ಯವಸ್ಥೆಯೊಂದು ಇಷ್ಟು ವ್ಯಾಪಕವಾಗಿ ಒಪ್ಪಿಕೊಂಡದ್ದು ಇದೇ ಮೊದಲೆನ್ನಬಹುದು.

ಆದರೆ ಆಚರಣೆಯಲ್ಲಿ ಹಲವು ದೋಷಗಳು ಕಂಡುಬಂದವು. ಸಂಪರ್ಕ ರೈತರಾಗಿ ಆಯ್ಕೆಯಾದವರು ಬಹುಮಟ್ಟಿಗೆ ಹೆಚ್ಚು ಭೂಮಿಯುಳ್ಳ, ಕೃಷಿ ಸಹಾಯಕನಿಗೆ ಸುಲಭವಾಗಿ ಸಿಗುವ ಪುರುಷರು. ನೆರೆಯವರಿಗೆ ಹೇಳಬೇಕೆಂಬ ಕಟ್ಟುಪಾಡು ಅವರಿಗಿರಲಿಲ್ಲ. ಹೇಳಿದ್ದಕ್ಕೆ ಪ್ರತಿಫಲವೂ ಇರಲಿಲ್ಲ. ಹತ್ತು ಎಕರೆ ನೀರಾವರಿಯ ಒಡೆಯ ಅನುಸರಿಸಿದ ಕ್ರಮ ಎರಡು ಎಕರೆ ಮಸಾರಿ ಹೊಲದವನಿಗೆ ಮಾದರಿಯಾಗುವುದು ಕಷ್ಟ. ಸಂದೇಶಗಳು ಮೇಲಿನಿಂದ ಸಿದ್ಧವಾಗಿ ಬರುತ್ತಿದ್ದುದರಿಂದ ಒಂದೇ ಹಳ್ಳಿಯ ಎರೆಗೂ ಕೆಮ್ಮಣ್ಣಿಗೂ ಒಂದೇ ಸಲಹೆ ದೊರೆಯುತ್ತಿತ್ತು. ಸಾಗುವಳಿ ಭೂಮಿಯ ಹೆಚ್ಚಿನ ಭಾಗ ಮಳೆಯನ್ನೇ ನಂಬಿರುವ ಈ ರಾಜ್ಯದಲ್ಲಿ ಹದಿನೈದು ದಿನಗಳ ವೇಳಾಪಟ್ಟಿಯು ಮಳೆಯ ಲಯಕ್ಕೆ ಹೊಂದಿಕೆಯಾಗಲಿಲ್ಲ. ಹೊಲದ ಅರ್ಧ ಕೆಲಸವನ್ನು ಹೊತ್ತ ಹೆಣ್ಣುಮಕ್ಕಳು ಈ ಏರ್ಪಾಡಿನ ಹೊರಗೇ ಉಳಿದರು; 1980ರ ದಶಕದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ರೈತ ಮಹಿಳೆಯರಿಗಾಗಿ ಪ್ರತ್ಯೇಕ ತರಬೇತಿ ಯೋಜನೆಯನ್ನು ರಾಜ್ಯದಲ್ಲಿ ಆರಂಭಿಸಬೇಕಾದುದು ಈ ಕೊರತೆಗೆ ಸಾಕ್ಷಿ. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಬೆಂಬಲ ಕ್ಷೀಣಿಸುತ್ತ ಬಂದಂತೆ ಸಂಪರ್ಕ ರೈತನೆಂಬ ಹೆಸರೂ ಮರೆಯಾಗುತ್ತ ಹೋಯಿತು.

ಸುಜಲದಿಂದ ಭೂಚೇತನದವರೆಗೆ

2001ರಲ್ಲಿ ಆರಂಭವಾಗಿ 2009ರಲ್ಲಿ ಮುಗಿದ ಸುಜಲ ಜಲಾನಯನ ಯೋಜನೆಯು ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ ಮತ್ತು ಹಾವೇರಿ ಜಿಲ್ಲೆಗಳಲ್ಲಿ ನಡೆಯಿತು. ಈ ಯೋಜನೆಯ ನಡುವೆ, ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ರೈತರ ಹೊಲಗಳಲ್ಲಿಯೇ ಪ್ರಯೋಗಗಳನ್ನು ಕೈಗೊಂಡಿತು. ಹೊಲದ ಒಂದು ಭಾಗದಲ್ಲಿ ರೈತನ ವಾಡಿಕೆಯ ಕ್ರಮ, ಪಕ್ಕದ ಭಾಗದಲ್ಲಿ ಮಣ್ಣು ಪರೀಕ್ಷೆಯನ್ನು ಆಧರಿಸಿದ ಪೋಷಕಾಂಶ; ಮಳೆ ಒಂದೇ, ಬೀಜ ಒಂದೇ, ದುಡಿಮೆಯೂ ಒಂದೇ. ಫಲಿತಾಂಶವನ್ನು ಹೇಳುವ ಹೊಣೆ ವಿಜ್ಞಾನಿಯದಾಗಿರಲಿಲ್ಲ. ದಾರಿಹೋಕರೂ ಅದನ್ನು ನೋಡಬಹುದಾಗಿತ್ತು.

ಈ ಅನುಭವದ ತಳಹದಿಯ ಮೇಲೆ ರಾಜ್ಯ ಸರ್ಕಾರ 2009ರಲ್ಲಿ ಭೂಚೇತನ ಯೋಜನೆಯನ್ನು ಆರಂಭಿಸಿತು. ಮೊದಲ ವರ್ಷ ಆರು ಜಿಲ್ಲೆಗಳು, ಎರಡನೆಯ ವರ್ಷ ಹದಿನಾರು, ಮೂರನೆಯ ವರ್ಷ ಮೂವತ್ತೂ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಸುಮಾರು 93 ಸಾವಿರ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಲಾಯಿತು. ಒಂದು ಹಳ್ಳಿಯ ಮಾದರಿಗಳನ್ನು ಆರಿಸುವಾಗ ಜಮೀನು ದಿಬ್ಬದಲ್ಲಿದೆಯೋ, ಇಳಿಜಾರಿನ ನಡುವೆ ಇದೆಯೋ, ತಗ್ಗಿನಲ್ಲಿದೆಯೋ ಎಂಬುದನ್ನೂ, ಹಿಡುವಳಿ ದೊಡ್ಡದೋ ಚಿಕ್ಕದೋ ಎಂಬುದನ್ನೂ, ಬೆಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತಿತ್ತು. ತರಬೇತಿ ಪಡೆದ ರೈತರು ತಾವೇ ಹೊಲದ ಹಲವು ಕಡೆ ಮೇಲುಪದರದ ಮಣ್ಣನ್ನು ತೆಗೆದು, ಬೆರೆಸಿ, ಒಂದು ಮಾದರಿಯಾಗಿ ಮಾಡಿ ಕೊಟ್ಟರು. ಪರೀಕ್ಷೆಯ ಫಲವನ್ನು ಕಡತಗಳಲ್ಲಿ ಮುಚ್ಚಿಡದೆ ಊರ ಗೋಡೆಗಳ ಮೇಲೆ ಬರೆಸಲಾಯಿತು.

ಆ ಗೋಡೆ ಬರಹಗಳು ತಿಳಿಸಿದ ವಿಷಯ ಅನೇಕರಿಗೆ ಹೊಸದು. ರಾಜ್ಯದ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ಕಂಡುಬಂದಿತು. ಸಾವಯವ ಇಂಗಾಲದ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಹಸಿರು ಕ್ರಾಂತಿಯ ನಂತರ ರೈತರು ಯೂರಿಯಾ ಮತ್ತು ಡಿಎಪಿಗಳನ್ನು ನೆಚ್ಚಿಕೊಂಡಿದ್ದರು. ಹಿಂದೆ ಬಳಕೆಯಲ್ಲಿದ್ದ ಸೂಪರ್ ಫಾಸ್ಫೇಟ್‌ನಲ್ಲಿ ರಂಜಕದ ಜೊತೆಗೆ ಶೇ. 11ರಷ್ಟು ಗಂಧಕವೂ ಇರುತ್ತಿತ್ತು, ಡಿಎಪಿಯಲ್ಲಿ ಅದಿಲ್ಲ. ದನಕರುಗಳು ಕಡಿಮೆಯಾಗಿ ತಿಪ್ಪೆಗುಂಡಿಗಳು ಬರಿದಾದಂತೆ ಕೊಟ್ಟಿಗೆ ಗೊಬ್ಬರದಿಂದ ಬರುತ್ತಿದ್ದ ಲಘು ಪೋಷಕಾಂಶಗಳೂ ತಪ್ಪಿದವು. ಬೆಳೆ ಪ್ರತಿವರ್ಷ ಒಯ್ಯುತ್ತಿದ್ದ ಅಂಶವನ್ನು ಯಾರೂ ಮರಳಿಸುತ್ತಿರಲಿಲ್ಲ. ಇಕ್ರಿಸ್ಯಾಟ್ ಪ್ರಯೋಗಗಳಲ್ಲಿ ಹೆಕ್ಟೇರಿಗೆ 30 ಕಿಲೋ ಗಂಧಕ, 10 ಕಿಲೋ ಸತು, ಅರ್ಧ ಕಿಲೋ ಬೋರಾನ್ ಸಿಗುವಷ್ಟು ಜಿಪ್ಸಂ, ಜಿಂಕ್ ಸಲ್ಫೇಟ್ ಮತ್ತು ಬೋರಾನ್ ಗೊಬ್ಬರವನ್ನು ಬಳಸಲಾಗುತ್ತಿತ್ತು. ಯೋಜನೆಯಲ್ಲಿ ಇವನ್ನು ಅರ್ಧ ಬೆಲೆಯ ಸಹಾಯಧನದಲ್ಲಿ ವಿತರಿಸಲಾಯಿತು. ರಾಗಿ, ಶೇಂಗಾ, ಮೆಕ್ಕೆಜೋಳ, ಸೋಯಾ ಮೊದಲಾದ ಬೆಳೆಗಳ ಇಳುವರಿ ಶೇ. 20ಕ್ಕೂ ಮೇಲ್ಪಟ್ಟು ಹೆಚ್ಚಿದುದನ್ನು ಯೋಜನೆಯ ವರದಿಗಳು ದಾಖಲಿಸಿವೆ.

ಇಲಾಖೆಯ ಸಿಬ್ಬಂದಿ ವಿರಳವಾಗಿದ್ದ ಕಾಲದಲ್ಲಿ ಇಷ್ಟು ವಿಸ್ತಾರದ ಕೆಲಸವನ್ನು ನಿಭಾಯಿಸಿದವರು ರೈತ ಅನುವುಗಾರರು. ಸುಮಾರು 500 ಹೆಕ್ಟೇರಿಗೆ ಒಬ್ಬರಂತೆ ಆಯಾ ಊರಿನ ರೈತರನ್ನೇ ಆರಿಸಿ ತರಬೇತಿ ನೀಡಲಾಯಿತು. ಹಂಗಾಮಿನ ದಿನಗಳಿಗೆ ಅವರಿಗೆ ಗೌರವಧನವಿತ್ತು. ಬಿತ್ತನೆಗೆ ಮುನ್ನ ರೈತರ ಮನೆಗೆ ಹೋಗಿ ಪೋಷಕಾಂಶದ ಪ್ರಮಾಣ ತಿಳಿಸುವುದು, ಬೀಜೋಪಚಾರ ಮಾಡಿ ತೋರಿಸುವುದು, ರೈತ ಸಂಪರ್ಕ ಕೇಂದ್ರದಿಂದ ಸಾಮಗ್ರಿ ಬರುವಂತೆ ನೋಡಿಕೊಳ್ಳುವುದು, ಕ್ಷೇತ್ರ ಪಾಠಶಾಲೆಗೆ ನೆರೆಹೊರೆಯವರನ್ನು ಕರೆತರುವುದು ಅವರ ಕೆಲಸಗಳಾಗಿದ್ದವು. ಹೆಸರುಗಳಲ್ಲಿಯೇ ಇರುವ ಅಂತರವನ್ನು ಇಲ್ಲಿ ಗಮನಿಸಬಹುದು: ಸಂಪರ್ಕ ರೈತ ಇಲಾಖೆಗೆ ಸಂಪರ್ಕದಲ್ಲಿರುವವನು, ಅನುವುಗಾರನು ಊರವರಿಗೆ ಅನುವು ಮಾಡಿಕೊಡುವವನು.

ಅನುವುಗಾರನ ಬಲ ಅವನ ನೆಲೆಯಲ್ಲಿತ್ತು. ಸಲಹೆ ತಪ್ಪಿದರೆ ಅವನು ಮರುದಿನವೂ ಅದೇ ಊರಿನಲ್ಲಿ, ಅದೇ ಅರಳಿಕಟ್ಟೆಯ ಮುಂದೆ ಹಾದುಹೋಗಬೇಕು. ವರ್ಗಾವಣೆಯಾಗುವ ನೌಕರನಿಗೆ ಇಲ್ಲದ ಈ ಹೊಣೆಗಾರಿಕೆಯೇ ನಂಬಿಕೆಗೆ ಮೂಲ. ಅವನ ದೌರ್ಬಲ್ಯವಿದ್ದುದು ಯೋಜನೆಯ ಅವಧಿಯಲ್ಲಿ. ಗೌರವಧನವು ಸರ್ಕಾರದ ಮಂಜೂರಾತಿಯನ್ನು ಅವಲಂಬಿಸಿತ್ತು. ಸಹಾಯಧನದ ಸಾಮಗ್ರಿ ಸಕಾಲಕ್ಕೆ ಬರದಿದ್ದರೆ ಅವನ ಮಾತಿಗೂ ಬೆಲೆ ಇಳಿಯುತ್ತಿತ್ತು.

ಸ್ವಯಂಸೇವೆಯ ಧಾರೆ

ಸರ್ಕಾರದ ಹೊರಗೆ ನಡೆದ ಕೆಲಸ ಇದಕ್ಕಿಂತ ಭಿನ್ನ ಹಾದಿಯಲ್ಲಿ ಸಾಗಿತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟು, ಒಬ್ಬರ ತೋಟದ ಅನುಭವ ಇನ್ನೊಬ್ಬರ ತೋಟಕ್ಕೆ ಅಕ್ಷರರೂಪದಲ್ಲಿ ತಲುಪುವಂತೆ ಮಾಡಿತು. ದೊಡ್ಡಬಳ್ಳಾಪುರದ ಬಳಿ ಸಾವಯವ ಕೃಷಿ ನಡೆಸಿದ, 2019ರಲ್ಲಿ ನಿಧನರಾದ ಎಲ್. ನಾರಾಯಣ ರೆಡ್ಡಿಯವರು ತಮ್ಮ ತೋಟವನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡಿದ್ದರು.

2002ರ ಸುಮಾರಿನಿಂದ ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳದ ನೈಸರ್ಗಿಕ ಕೃಷಿಯು ಕರ್ನಾಟಕ ರಾಜ್ಯ ರೈತ ಸಂಘದ ವಲಯದಲ್ಲಿ ಹರಡಿತು. ಹಲವು ದಿನಗಳ ಶಿಬಿರಗಳಿಗೆ ರೈತರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಿದ್ದರು. ಸ್ಥಳ, ಊಟ, ಪ್ರಚಾರಗಳ ಹೊಣೆಯನ್ನು ಸ್ಥಳೀಯ ಸ್ವಯಂಸೇವಕರು ಹೊರುತ್ತಿದ್ದರು. ಶಿಬಿರದ ನಂತರ ಅನುಭವಿ ರೈತರ ಹೊಲಗಳಿಗೆ ಹೊಸಬರು ಭೇಟಿಕೊಟ್ಟು ಕಲಿಯುತ್ತಿದ್ದರು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, ತಲಾ 2 ಕಿಲೋ ಬೆಲ್ಲ ಹಾಗೂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಬೆರೆಸಿ ಮಾಡುವ ಜೀವಾಮೃತ ಮತ್ತು ನೆಲದ ಹೊದಿಕೆ ಅಲ್ಲಿನ ಮುಖ್ಯ ಪಾಠಗಳು. ಸಾಲ ಮಾಡದೆ ಪ್ರಯೋಗಿಸಬಹುದೆಂಬ ಸಂಗತಿ ಸಣ್ಣ ರೈತರನ್ನು ಸೆಳೆಯಿತು.

ರೈತ ಸಂಘವು ‘ಲಾ ವಿಯಾ ಕಂಪೆಸಿನಾ’ ಎಂಬ ಅಂತಾರಾಷ್ಟ್ರೀಯ ರೈತ ಒಕ್ಕೂಟದ ಸದಸ್ಯ ಸಂಘಟನೆಯಾದುದರಿಂದ ಮಧ್ಯ ಅಮೆರಿಕದ ಅನುಭವದೊಡನೆಯೂ ಅದಕ್ಕೆ ನಂಟಿತ್ತು. ಗ್ವಾಟೆಮಾಲಾದ ಕಕ್ಚಿಕೆಲ್ ರೈತರು 1970ರ ದಶಕದಲ್ಲಿ ಇಳಿಜಾರು ಹೊಲಗಳ ಮಣ್ಣು ಉಳಿಸಲು ಕಂಡುಕೊಂಡ ವಿಧಾನಗಳು ‘ರೈತನಿಂದ ರೈತನಿಗೆ’ ಎಂಬ ಹೆಸರಿನ ಚಳವಳಿಯಾಗಿ ಮೆಕ್ಸಿಕೊ, ನಿಕರಾಗುವ, ಕ್ಯೂಬಾಗಳಿಗೆ ಹಬ್ಬಿದವು. ಚಾಮರಾಜನಗರ ಜಿಲ್ಲೆಯ ‘ಅಮೃತ ಭೂಮಿ’ ಕೇಂದ್ರವು ಇದೇ ಜಾಲದ ದಕ್ಷಿಣ ಏಷ್ಯಾದ ತರಬೇತಿ ನೆಲೆಯಾಗಿ ರೂಪುಗೊಂಡಿತು.

ಇಲ್ಲಿಯೂ ವಿವಾದಗಳಿಲ್ಲದೆ ಇಲ್ಲ. ನೈಸರ್ಗಿಕ ಕೃಷಿಯ ಪ್ರತಿಪಾದನೆಗಳಿಗೆ ಸಾಕಷ್ಟು ವೈಜ್ಞಾನಿಕ ಪುರಾವೆಗಳಿಲ್ಲವೆಂದು ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ 2019ರಲ್ಲಿ ಆಕ್ಷೇಪಿಸಿತು. ಮಣ್ಣಿನಲ್ಲಿ ಇಲ್ಲವೇ ಇಲ್ಲದ ಬೋರಾನನ್ನು ಜೀವಾಮೃತ ಹೇಗೆ ಒದಗಿಸಬಲ್ಲುದೆಂಬ ಪ್ರಶ್ನೆ ನ್ಯಾಯವಾದುದು. ಸಾವಯವ ಇಂಗಾಲ ಕುಸಿದ ನೆಲಕ್ಕೆ ಜಿಪ್ಸಂ ಒಂದರಿಂದಲೇ ಜೀವ ಬರುವುದೇ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು. ಎರಡೂ ಧಾರೆಗಳ ಗುರು-ರೈತರು ಒಂದೇ ಊರಿನಲ್ಲಿದ್ದೂ ಒಬ್ಬರ ಹೊಲವನ್ನೊಬ್ಬರು ಅಳೆದು ನೋಡುವ ಏರ್ಪಾಡು ಬೆಳೆಯದೆ ಹೋದುದು ಈ ಚರಿತ್ರೆಯ ದೊಡ್ಡ ನಷ್ಟವೆನ್ನಬೇಕು.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗುರು-ರೈತನ ಹಿಡುವಳಿ ಮತ್ತು ಮಣ್ಣು ಕಲಿಯುವವರದನ್ನು ಹೋಲುತ್ತಿರಬೇಕು. ಸಂಪರ್ಕ ರೈತನ ವೈಫಲ್ಯ ಇದನ್ನು ತೋರಿಸುತ್ತದೆ. ಎರಡನೆಯದಾಗಿ, ಹೇಳಿದ್ದು ಹೊಲದಲ್ಲಿ ಕಾಣಬೇಕು. ಸುಜಲದ ಇಬ್ಭಾಗದ ಹೊಲಗಳ ಯಶಸ್ಸು ಇದಕ್ಕೆ ನಿದರ್ಶನ. ಮೂರನೆಯದಾಗಿ, ಕಲಿಸುವವನ ವೇಳೆಗೆ ಪ್ರತಿಫಲ ಯಾವುದಾದರೊಂದು ರೂಪದಲ್ಲಿ ದೊರೆಯಬೇಕು. ಅನುವುಗಾರನಿಗೆ ಅದು ಗೌರವಧನವಾಗಿ ಬಂದಿತು. ಚಳವಳಿಯ ಸ್ವಯಂಸೇವಕನಿಗೆ ಸಂಘಟನೆಯ ಬಾಂಧವ್ಯವಾಗಿ ಬಂದಿತು. ಹಳೆಯ ಕಾಲದಲ್ಲಿ ಮುಯ್ಯಿಯಾಗಿ ಬರುತ್ತಿತ್ತು. ಏನನ್ನೂ ಕೊಡದೆ ಕೆಲಸವನ್ನಷ್ಟೇ ನಿರೀಕ್ಷಿಸಿದ ಪದ್ಧತಿ ಬಾಳಲಿಲ್ಲ.

2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಣ್ಣಿನ ಆರೋಗ್ಯ ಚೀಟಿ ಯೋಜನೆಯನ್ನು ಆರಂಭಿಸಿ, ಹನ್ನೆರಡು ಗುಣಾಂಶಗಳ ವಿವರವನ್ನು ರೈತರ ಕೈಗಿಟ್ಟಿತು. ಮಳೆಯಾಶ್ರಿತ ಪ್ರದೇಶದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿಯಾದುದರಿಂದ ಆ ಚೀಟಿ ಹಲವರ ಹೊಲಗಳನ್ನು ಒಟ್ಟಾಗಿ ಹೇಳುತ್ತದೆ. ತನ್ನ ಹೊಲಕ್ಕೆ ಅದನ್ನು ಅನ್ವಯಿಸಿಕೊಳ್ಳುವುದಕ್ಕೆ ಆ ನೆಲವನ್ನು ಬಲ್ಲ ನೆರೆಯವನ ನೆರವು ಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು, ಥಾಯ್ಲೆಂಡಿನಲ್ಲಿ 1990ರ ದಶಕದಿಂದ ನಡೆದುಬಂದ ಸ್ವಯಂಸೇವಕ ಮಣ್ಣಿನ ವೈದ್ಯರಂತಹ ಅನುಭವಗಳನ್ನು ಗಮನದಲ್ಲಿಟ್ಟು, 2020ರಲ್ಲಿ ರೈತರನ್ನೇ ‘ಮಣ್ಣಿನ ವೈದ್ಯ’ರನ್ನಾಗಿಸುವ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿದೆ. ಜಗತ್ತು ಈಗ ಅರಸುತ್ತಿರುವ ಈ ಹಾದಿಯಲ್ಲಿ ಕರ್ನಾಟಕಕ್ಕೆ ದೀರ್ಘವಾದ ಅನುಭವವಿದೆ.

ಆ ಅನುಭವ ಯೋಜನಾ ವರದಿಗಳಲ್ಲಿ ಅಂಕಿಗಳಾಗಿ ಉಳಿದಿದೆ. ಕಲಿಸಿದವರ ನೆನಪುಗಳಾಗಿ ದಾಖಲಾದುದು ಕಡಿಮೆ. ಸಂಪರ್ಕ ರೈತರಾಗಿದ್ದವರು ಈಗ ವಯೋವೃದ್ಧರು. ಅನುವುಗಾರರು ತಮ್ಮ ಊರುಗಳಲ್ಲಿ ಯಾವ ಮಣ್ಣಿಗೆ ಏನನ್ನು ಹೇಳಿದರು, ಯಾರು ಕೇಳಿದರು, ಯಾರು ಕೇಳಲಿಲ್ಲ, ಯೋಜನೆ ಮುಗಿದ ಮೇಲೆ ಏನು ಉಳಿಯಿತು ಎಂಬುದನ್ನು ಅವರ ಬಾಯಿಂದಲೇ ಸಂಗ್ರಹಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಜಿಲ್ಲಾವಾರು ಕೈಗೊಳ್ಳುವುದು ಅಗತ್ಯ. ಅಂತಹ ದಾಖಲೆ ಇಲ್ಲದಿದ್ದರೆ ಮುಂದಿನ ಯೋಜನೆಯೂ ಈ ಪಾಠಗಳನ್ನು ಮೊದಲಿನಿಂದಲೇ ಕಲಿಯಬೇಕಾದೀತು. ಅಷ್ಟು ವರ್ಷ ಕಾಯುವ ಶಕ್ತಿ ನಮ್ಮ ಹೊಲಗಳ ಮೇಲ್ಮಣ್ಣಿಗೆ ಇಲ್ಲ.